ಒಂದೇ ನಂಬರಿನ ಎರಡು ಬುಲೆಟ್

ಘಾಟಬೋರಾಳದ ಮಚ್ಚೇಂದ್ರನಿಗೆ ಹೇಳಿಕೊಳ್ಳುವಂಥ ಚಟ ಯಾವುದೂ ಇರಲಿಲ್ಲ. ಬೀಡಿ ಮುಟ್ಟಿದವನಲ್ಲ, ಇಸ್ಪೀಟು ಹಿಡಿದವನಲ್ಲ. ಇದ್ದದ್ದೊಂದೇ ಹುಚ್ಚು, ಬುಲೆಟ್ಟಿನದು. ಹರೆಯದಲ್ಲಿ ಹೊಲದ ಕೂಲಿ ಬಿಟ್ಟು ಜಹೀರಾಬಾದಿನ ಟ್ರ್ಯಾಕ್ಟರ್ ಕಾರ್ಖಾನೆ ಸೇರಿದ್ದ. ಬಣ್ಣ ಹೊಡೆಯುವ ಕೋಣೆಯಲ್ಲಿ ಮೂಗಿಗೆ ಬಟ್ಟೆ ಕಟ್ಟಿಕೊಂಡು ದುಡಿದ. ಮಗಳು ಮಯೂರಿ ಹುಟ್ಟಿದ ವರ್ಷ ಅಲ್ಲಿಯ ಒಬ್ಬ ಕಂಟ್ರಾಕ್ಟರನಿಂದ ಆ ಕರಿ ಬುಲೆಟ್ ಕೊಂಡ. ಆಗಲೇ ಅದು ಹಳೆಯದು. ಬಲಗಾಲಿಗೆ ಗೇರು, ಎಡಗಾಲಿಗೆ ಬ್ರೇಕು ಇರುವ ಹಿಂದಿನ ಕಾಲದ ಗಾಡಿ. ಹೊಸಬರು ಹತ್ತಿದರೆ ನಿಲ್ಲಿಸಲು ಹೋಗಿ ಗೇರು ಒದೆಯುತ್ತಿದ್ದರು.

ಆ ಗಾಡಿಯ ಮೇಲೆ ಮೊದಲ ಸಲ ಊರಿಗೆ ಬಂದ ದಿನವನ್ನು ಅವನು ಯಾರಿಗೂ ಬಣ್ಣಿಸಿ ಹೇಳಿದವನಲ್ಲ, ಮರೆತವನೂ ಅಲ್ಲ. ಊರ ಮುಂದೆ ಮೇಲ್ಜಾತಿಯವರು ಕೂರುವ ಕಟ್ಟೆಯ ಎದುರು ಅವನಪ್ಪ ಬದುಕಿಡೀ ಚಪ್ಪಲಿ ಕೈಯಲ್ಲಿ ಹಿಡಿದು ನಡೆದಿದ್ದ. ಮಚ್ಚೇಂದ್ರ ಅದೇ ಕಟ್ಟೆಯ ಮುಂದೆ ಗಾಡಿಯಿಂದ ಇಳಿಯದೆ, ವೇಗ ಹೆಚ್ಚಿಸದೆ, ಕಡಿಮೆಯೂ ಮಾಡದೆ ದಾಟಿಹೋಗಿದ್ದ. ಕಟ್ಟೆಯ ಮೇಲಿನ ಮಾತು ಅಷ್ಟು ಹೊತ್ತು ನಿಂತಿತ್ತು.

ಎರಡು ವರ್ಷದ ಹಿಂದೆ ಹೆಂಡತಿ ಸುಗಂಧಾಳಿಗೆ ಹುಮನಾಬಾದಿನ ಹುಡುಗಿಯರ ಹಾಸ್ಟೆಲಿನಲ್ಲಿ ಅಡುಗೆಯ ಕೆಲಸ ಸಿಕ್ಕಿತು. ಕಾರ್ಖಾನೆಯ ಬಣ್ಣದ ಹೊಗೆ ಮಚ್ಚೇಂದ್ರನ ಎದೆಗೂ ಕೂತಿತ್ತು. ಕೆಲಸ ಬಿಟ್ಟು, ಸಾಮಾನು ಕಟ್ಟಿಕೊಂಡು ಹುಮನಾಬಾದಿಗೆ ಬಂದರು. ಮಯೂರಿ ಆಗಲೇ ಬಸವಕಲ್ಯಾಣದಲ್ಲಿ ನರ್ಸ್ ಆಗಿದ್ದಳು. ಸಾಮಾನಿನ ಟೆಂಪೋ ಮುಂದೆ, ಬುಲೆಟ್ ಹಿಂದೆ. ರಾಜ್ಯದ ಗಡಿ ದಾಟುವಾಗ ಅವನಿಗೆ ಗಾಡಿಯ ನಂಬರಿನ ನೆನಪೇ ಇರಲಿಲ್ಲ.

ನೆನಪು ಮಾಡಿಕೊಟ್ಟವನು ಹೆದ್ದಾರಿಯ ಮೇಲೆ ತಡೆದ ಒಬ್ಬ ಪೊಲೀಸ.

"ಹೊರಗಿನ ನಂಬರ್ ಹಾಕ್ಕೊಂಡು ವರ್ಷದ ಮ್ಯಾಲೆ ಇಲ್ಲಿ ಓಡಸಂಗಿಲ್ಲ ಯಜಮಾನ್ರ. ಅಲ್ಲಿಂದ ಎನ್‌ಒಸಿ ತರ್ರಿ, ಬಸವಕಲ್ಯಾಣದಾಗ ತೆರಿಗಿ ತುಂಬ್ರಿ, ನಂಬರ್ ಬದಲಿ ಮಾಡಿಸ್ರಿ. ಇಲ್ಲಾಂದ್ರ ಮುಂದಿನ ಸಲ ಗಾಡಿ ಇಲ್ಲೇ ಇಳಿಸ್ಕೋತೀವಿ."

ಗುಜರಿಗೆ ಹಾಕು ಎಂದವರೇ ಹೆಚ್ಚು. ಇಷ್ಟು ಹಳೆಯ ಗಾಡಿಗೆ ಮತ್ತೆ ತೆರಿಗೆ ತುಂಬುವ ಹುಚ್ಚ ಎಲ್ಲಿದ್ದಾನೆ ಎಂದು ನಕ್ಕರು. ಮಚ್ಚೇಂದ್ರ ಕೇಳಲಿಲ್ಲ. ಕಾಗದಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ಜಹೀರಾಬಾದಿನ ಬಸ್ಸು ಹತ್ತಿದ.

ಅಲ್ಲಿಯ ಕಚೇರಿಯ ಗುಮಾಸ್ತ ನಂಬರು ಹಾಕಿ ನೋಡಿ ತಲೆಯಾಡಿಸಿದ. "ಚಲಾನ್ ಬಾಕಿ ಅವ. ಹೆಲ್ಮೆಟ್ ಇಲ್ಲ, ಸಿಗ್ನಲ್ ಮುರದದ್ದು. ಸದಾಶಿವಪೇಟೆ, ಸಂಗಾರೆಡ್ಡಿ. ಮೊದಲು ಅವು ತುಂಬಬೇಕು."

"ನಾ ಸಂಗಾರೆಡ್ಡಿಗಿ ಗಾಡಿ ಮ್ಯಾಲೆ ಹೋಗೇ ಇಲ್ರಿ. ಈ ವರ್ಷ ಪೂರಾ ಗಾಡಿ ಹುಮನಾಬಾದದಾಗೇ ಅದ."

ಗುಮಾಸ್ತ ಪರದೆಯನ್ನು ಅವನ ಕಡೆ ತಿರುಗಿಸಿದ. ಕ್ಯಾಮೆರಾ ಮೇಲಿನಿಂದ ಹಿಡಿದ ಚಿತ್ರ. ಕರಿ ಬುಲೆಟ್. ಹಳೆಯ ಮಾದರಿಯದೇ. ಸವಾರನ ಬೆನ್ನಷ್ಟೇ ಕಾಣುತ್ತಿತ್ತು. ತಲೆಗೆ ಬಟ್ಟೆ ಸುತ್ತಿಕೊಂಡಿದ್ದ. ಕೆಳಗೆ ನಂಬರ್ ಪ್ಲೇಟು, ತೊಳೆದಿಟ್ಟಂತೆ ಸ್ವಚ್ಛ. ಮಚ್ಚೇಂದ್ರ ಒಂದೊಂದೇ ಅಂಕಿ ಓದಿದ. ಅವನದೇ ನಂಬರು.

"ನಿಮ್ಮದಲ್ಲಾಂದ್ರ ಪೊಲೀಸರಿಗಿ ಅರ್ಜಿ ಕೊಡ್ರಿ. ಟೈಮ್ ಹಿಡೀತದ. ತುಂಬ್ತೀನಿ ಅಂದ್ರ ಇವತ್ತೇ ಮುಗೀತದ," ಎಂದ ಗುಮಾಸ್ತ. ಅವನ ಮಾತಿನಲ್ಲಿ ಕಪಟವಿರಲಿಲ್ಲ, ಇದ್ದದ್ದನ್ನು ಹೇಳಿದ.

ಪೊಲೀಸ್ ಠಾಣೆ ಎಂದರೆ ಮಚ್ಚೇಂದ್ರನಿಗೆ ಮೊದಲಿನಿಂದ ಕಾಲು ಹಿಂದೆ ಸರಿಯುತ್ತಿತ್ತು. ದಂಡ ದೊಡ್ಡದಿರಲಿಲ್ಲ. ತುಂಬಿದ. ಎನ್‌ಒಸಿಯ ಅರ್ಜಿಗೆ ಮಗಳ ಫೋನ್ ನಂಬರು ಬರೆಸಿದ.

ಸಂಜೆ ಇದನ್ನೆಲ್ಲ ಕೇಳಿದ ಸುಗಂಧಾ ರೊಟ್ಟಿ ಬಡಿಯುವ ಕೈ ನಿಲ್ಲಿಸಿದಳು.

"ಮಾಡಲಾರದ್ದಕ್ಕ ದಂಡ ಯಾಕ ತುಂಬಿದ್ರಿ? ತುಂಬಿದ್ರ ಮಾಡೀನಿ ಅಂತ ಒಪ್ಪಿದಂಗ ಆತಲ್ಲ."

"ಪೀಡಾ ಹೋತು ಬಿಡು."

"ಹೋಗಿಲ್ಲ. ನೀವೇ ಕೈ ಹಿಡಿದು ಮನೀಗಿ ಕರಕೊಂಡು ಬಂದೀರಿ," ಎಂದಳು. ಮತ್ತೆ ರೊಟ್ಟಿ ಬಡಿಯತೊಡಗಿದಳು.

ಎನ್‌ಒಸಿ ಬಂತು. ಬಸವಕಲ್ಯಾಣದ ಸಾರಿಗೆ ಕಚೇರಿಯಲ್ಲಿ ತೆರಿಗೆ ತುಂಬಿದ ದಿನ ಮಯೂರಿಯೂ ಜೊತೆಗಿದ್ದಳು. ಗಾಡಿಯನ್ನು ಅಂಗಳದ ಬೇವಿನ ನೆರಳಿಗೆ ನಿಲ್ಲಿಸಿದ್ದರು. ಇನ್ಸ್‌ಪೆಕ್ಟರ್ ಮೊಣಕಾಲೂರಿ ಕೂತು, ಚೌಕಟ್ಟಿನ ಮೇಲೆ ಕೆತ್ತಿದ ಚಾಸಿ ನಂಬರಿನ ಮೇಲೆ ಕಾಗದ ಒತ್ತಿ, ಪೆನ್ಸಿಲ್ ಉಜ್ಜಿದ. ಅಂಕಿಗಳು ಒಂದೊಂದಾಗಿ ಕಾಗದಕ್ಕೆ ಎದ್ದುಬಂದವು. ಅವನು ಕಾಗದ ನೋಡಿದ, ಬೆರಳಿನಿಂದ ಲೋಹ ಸವರಿದ, ಮತ್ತೆ ಕಾಗದ ನೋಡಿದ.

"ಇದನ್ನ ಯಾರ ಕಡಿಂದ ತಗೊಂಡಿದ್ರಿ?"

"ಒಬ್ಬ ಕಂಟ್ರಾಕ್ಟರ್ ಇದ್ದ್ರಿ. ರೋಡಿನ ಕೆಲಸ ಮಾಡ್ತಿದ್ದ. ಆಮ್ಯಾಲೆ ನಾಂದೇಡ ಕಡಿ ಹೋದ ಅಂತ ಕೇಳೀನಿ. ಯಾಕ್ರಿ?"

"ಒಂದೆರಡು ಅಂಕಿ ಜರಾ ಸೊಟ್ಟ ಬಿದ್ದಾವ. ಹಳೆ ಗಾಡಿಗಿ ಹಿಂಗ ಇರಬಹುದು, ಇರಲಾರದೂ ಇರಬಹುದು. ತಜ್ಞರ ಹತ್ರ ಕಳಸಬೇಕಾಗ್ತದ. ಅಲ್ಲಿತನಕ ಹೊಸ ನಂಬರ್ ಇಲ್ಲ."

ಹಿಂದಿರುಗುವಾಗ ಮಚ್ಚೇಂದ್ರ ಗಾಡಿಯನ್ನು ಮೆಲ್ಲಗೆ ಓಡಿಸಿದ. ಇಷ್ಟು ವರ್ಷ ತೊಡೆಗಳ ನಡುವೆ ಇದ್ದ ಆ ಕಬ್ಬಿಣ ಅಂದು ಯಾಕೋ ಪರರ ಗಾಡಿಯಂತೆ ಅನಿಸಿತು.

ಅದಾದ ವಾರದೊಳಗೆ ಹುಮನಾಬಾದಿನ ಬಸ್ ನಿಲ್ದಾಣದ ಎದುರು ಮೊಹಿನುದ್ದೀನ್ ಅವನನ್ನು ತಡೆದ. ಹಣ್ಣಿನ ವ್ಯಾಪಾರಿ, ಹಳೆಯ ಸ್ನೇಹಿತ. ಸಂತೆಗೆ ಮನ್ನಾಏಖೇಳ್ಳಿಗೆ ಹೋಗುವವನು.

"ಏನಪ್ಪಾ, ದೋಸ್ತಿ ಬಿಟ್ಟಿ ಏನು? ನಿನ್ನೆ ಮನ್ನಾಏಖೇಳ್ಳಿಯಾಗ ಅಷ್ಟು ಕೂಗಿದೆ, ತಿರುಗಿ ನೋಡಲಿಲ್ಲ."

"ನಿನ್ನೆ ನಾ ಮನಿ ಬಿಟ್ಟು ಎಲ್ಲೂ ಹೋಗಿಲ್ಲ."

ಮೊಹಿನುದ್ದೀನ್ ನಕ್ಕ. ಮಚ್ಚೇಂದ್ರ ನಗದೆ ಇದ್ದದ್ದನ್ನು ನೋಡಿ ಅವನ ನಗುವೂ ನಿಂತಿತು. "ಗಾಡಿ ನಿಂದೇ ಇತ್ತಲ್ಲೋ. ನಂಬರ್ ನೋಡೇ ಕೂಗಿದೆ ನಾ."

ಅಂದೇ ಸಂಜೆ ಮಯೂರಿಯ ಫೋನಿಗೆ ಹೊಸ ಚಲಾನ್ ಬಂತು. ಈ ಸಲ ಜಹೀರಾಬಾದಿನದು. ಸಂಗಾರೆಡ್ಡಿಯಲ್ಲಿದ್ದವನು ಜಹೀರಾಬಾದಿಗೆ ಬಂದು, ಗಡಿ ದಾಟಿ ಮನ್ನಾಏಖೇಳ್ಳಿಗೂ ಬಂದಿದ್ದ. ಅದೇ ಹೆದ್ದಾರಿ ಮುಂದೆ ಹುಮನಾಬಾದಿಗೇ ಬರುತ್ತದೆ.

"ಅಪ್ಪ, ಈಗಾದ್ರೂ ಠಾಣೆಗಿ ಹೋಗಿ ಬರದು ಕೊಡೋಣ," ಎಂದಳು ಮಯೂರಿ.

"ಮೊದಲ ನಾ ಒಮ್ಮಿ ನೋಡಿ ಬರ್ತೀನಿ."

ಮರುದಿನ ಮನ್ನಾಏಖೇಳ್ಳಿಗೆ ಹೋದ. ನಿಲ್ದಾಣದ ಪಕ್ಕದ ಚಹಾದ ಅಂಗಡಿಯ ಮುಂದೆ ಬುಲೆಟ್ ನಿಲ್ಲಿಸಿದ. ಅಂಗಡಿಯ ರಾಬಿಯಾ ತಲೆ ಎತ್ತದೆಯೇ, "ಸಕ್ಕರಿ ಇಲ್ಲದ್ದು ಅಲ್ಲಾ?" ಎಂದಳು. ತಲೆ ಎತ್ತಿ ಮುಖ ನೋಡಿದವಳೇ ಹಿಂದೆ ಸರಿದಳು. "ಮಾಫ್ ಮಾಡ್ರಿ. ಗಾಡಿ ಸಪ್ಪಳ ಕೇಳಿ ಅಂವ ಅಂದ್ಕೊಂಡೆ."

"ಅಂವ ಯಾರು? ಯಾವ ಊರಿಂದು?"

"ಹೆಸರು ಹೇಳಂಗಿಲ್ಲ. ಬರ್ತಾನ, ಚಹಾ ಕುಡೀತಾನ, ರೋಡ್ ನೋಡ್ಕೋತ ಕೂಡ್ತಾನ. ಒಮ್ಮಿ ಕೇಳ್ದ, ಇಂಥಾ ಗಾಡಿ ಇನ್ನೊಂದು ಈ ಕಡಿ ಓಡಾಡ್ತದೇನು ಅಂತ. ನಾ ಏನ್ ಹೇಳಲಿ? ಇಲ್ಲ ಅಂದೆ."

ಮಚ್ಚೇಂದ್ರನ ಕೈಯಲ್ಲಿನ ಚಹಾ ಹಾಗೆಯೇ ಉಳಿಯಿತು. ತಾನು ಅವನನ್ನು ಹುಡುಕಿಕೊಂಡು ಬಂದಿದ್ದೇನೆ ಎಂದುಕೊಂಡಿದ್ದ. ಅವನೂ ತನ್ನನ್ನು ಹುಡುಕುತ್ತಿದ್ದ. ಠಾಣೆಗೆ ಹೋಗಲೇಬೇಕೆಂದು ಅಲ್ಲಿಯೇ ನಿಶ್ಚಯ ಮಾಡಿದ. ಆದರೆ ನಾಳೆ ಹೋದರಾಯಿತು, ಮಯೂರಿಗೆ ರಜೆ ಸಿಗಲಿ ಎಂದು ದಿನ ಮುಂದೆ ತಳ್ಳಿದ. ಮರುದಿನ, ಕಾರ್ಖಾನೆಯ ದುಡಿಮೆಯಲ್ಲಿ ಕೊಂಡಿದ್ದ ತುಂಡು ಹೊಲದ ತೊಗರಿ ನೋಡಲೆಂದು ಬುಲೆಟ್ ಮೇಲೆ ಒಬ್ಬನೇ ಘಾಟಬೋರಾಳಕ್ಕೆ ಹೋಗಿಬಂದ.

ಆ ದಿನವೇ ಕೇಡು ನಡೆದುಹೋಯಿತು.

ಮನ್ನಾಏಖೇಳ್ಳಿಯ ಆಚೆ, ಹೆದ್ದಾರಿಯ ಅಂಚಿನಲ್ಲಿ ಕಳೆ, ಸದೆ ತೆಗೆಯುವ ಕೂಲಿ ಮುಗಿಸಿ ನಡೆದು ಬರುತ್ತಿದ್ದ ಪೂನಂ ಎಂಬ ಹೆಣ್ಣುಮಗಳಿಗೆ ಒಂದು ಬುಲೆಟ್ ಹಿಂದಿನಿಂದ ಗುದ್ದಿತು. ಕಾಲು ಎರಡು ಕಡೆ ಮುರಿಯಿತು. ಗುದ್ದಿದವನು ನಿಲ್ಲದೆ ಹೋದ ಎಂದರು ಕೆಲವರು, ನಿಂತು ಹೋದ ಎಂದರು ಕೆಲವರು. ನಂಬರನ್ನು ಮಾತ್ರ ಎಲ್ಲರೂ ಒಂದೇ ಹೇಳಿದರು.

ಮಾರನೆಯ ಬೆಳಿಗ್ಗೆ ಪೊಲೀಸರು ಬಾಗಿಲಿಗೆ ಬಂದರು. ಓಣಿಯ ಜನ ನೋಡುತ್ತ ನಿಂತಿದ್ದಾಗ ಬುಲೆಟ್ಟನ್ನು ವ್ಯಾನಿಗೆ ಏರಿಸಿದರು. ಮಚ್ಚೇಂದ್ರನನ್ನು ಮುಂದಿನ ಸೀಟಿನಲ್ಲೇ ಕೂರಿಸಿದರು. ಕೈ ಮಾಡಲಿಲ್ಲ, ಬೈಯಲಿಲ್ಲ. ಆದರೂ ಸುಗಂಧಾಳ ಕಡೆ ತಿರುಗಿ ನೋಡಲು ಅವನಿಗೆ ಆಗಲಿಲ್ಲ.

ಠಾಣೆಯ ಸಬ್ ಇನ್ಸ್‌ಪೆಕ್ಟರ್ ಸತೀಶಕುಮಾರ ತಾಳ್ಮೆಯ ಮನುಷ್ಯ. ಎಲ್ಲವನ್ನೂ ಕೇಳಿಸಿಕೊಂಡ.

"ಇನ್ನೊಂದು ಗಾಡಿ ಅದ ಅಂತೀರಿ. ಗೊತ್ತಿದ್ದೂ ಯಾಕ ಬರದು ಕೊಡಲಿಲ್ಲ?"

"ಕೊಡೋನಿದ್ದೆ ಸಾಹೇಬ್ರ."

"ಸಂಗಾರೆಡ್ಡಿ ಚಲಾನ್ ನಿಮ್ಮದಲ್ಲಾಂದ್ರ ಯಾಕ ತುಂಬಿದ್ರಿ?"

ಹೆಂಡತಿಯ ಮಾತು ಸಾಹೇಬನ ಬಾಯಲ್ಲಿ ಬಂದಿತ್ತು.

"ನಿನ್ನೆ ಮಧ್ಯಾಹ್ನ ಎಲ್ಲಿದ್ರಿ?"

"ಹೊಲದಾಗ."

"ನೋಡಿದವರು ಯಾರು?"

ಯಾರೂ ಇರಲಿಲ್ಲ. ಕಟ್ಟೆಯ ಮೇಲಿನವರು ನೋಡಿದ್ದರೂ ತನ್ನ ಪರವಾಗಿ ಬಂದು ಹೇಳುತ್ತಾರೆಂಬ ನಂಬಿಕೆ ಅವನಿಗಿರಲಿಲ್ಲ. ಮೂವತ್ತು ವರ್ಷ ಗಳಿಸಿದ ಮರ್ಯಾದೆ ಒಂದು ಬೆಂಚಿನ ಮೇಲೆ ಕೂತು ಕರಗುವುದನ್ನು ನೋಡುತ್ತಿದ್ದ. ಗಾಡಿಗೆ ಗುದ್ದಿದ ಗುರುತಿಲ್ಲ ಎಂದು, ಸುದ್ದಿ ತಿಳಿದು ಠಾಣೆಗೆ ಬಂದ ಮಯೂರಿ ವಾದಿಸಿದಳು. ರಿಪೇರಿ ಮಾಡಿಸಲು ಒಂದು ರಾತ್ರಿ ಸಿಕ್ಕಿತ್ತಲ್ಲ ಎಂದರು ಪೊಲೀಸರು.

ಮಧ್ಯಾಹ್ನದ ಹೊತ್ತಿಗೆ ಆಸ್ಪತ್ರೆಯಿಂದ ಕರೆ ಬಂತು, ಪೂನಂ ಮಾತಾಡುವಂತಾಗಿದ್ದಳು. ಸತೀಶಕುಮಾರ ಮಚ್ಚೇಂದ್ರನನ್ನು ಅಲ್ಲಿಗೆ ಕರೆದೊಯ್ದ. ಮಂಚದ ಮೇಲಿನ ಹೆಂಗಸು ಬಹಳ ಹೊತ್ತು ಅವನ ಮುಖ ನೋಡಿದಳು. ಆ ಹೊತ್ತಿನಲ್ಲಿ ಮಚ್ಚೇಂದ್ರನಿಗೆ ತಾನೇ ಗುದ್ದಿದೆನೋ ಏನೋ ಅನಿಸಿತು.

"ಇವರಲ್ರಿ. ಅಂವ ತರುಣ ಇದ್ದ," ಎಂದಳು ಪೂನಂ.

"ಮುಖ ನೋಡಿದಿಯಾ?"

"ನೋಡಿದೆ. ಗುದ್ದಿ, ಮುಂದ ಹೋಗಿ ನಿಂತ. ಇಳಿದು ನನ್ನ ಕಡಿ ಬರ್ತಾನ ಅಂದ್ಕೊಂಡೆ. ಬರಲಿಲ್ರಿ. ಹಿಂದಿನ ನಂಬರ್ ಪ್ಲೇಟಿಗಿ ಧೂಳ ಕುಂತಿತ್ತು, ಕರ್ಚೀಫ್ ತಗೊಂಡು ಅದನ್ನ ಒರಸ್ದ. ರೋಡ್ ಮ್ಯಾಲಿನ ಮಂದಿ ನೋಡೋತನಕ ನಿಂತು, ಆಮ್ಯಾಲೆ ಹೋದ."

ಸತೀಶಕುಮಾರ ಆ ಕೊನೆಯ ಮಾತನ್ನು ಇನ್ನೊಮ್ಮೆ ಹೇಳಿಸಿ ಬರೆದುಕೊಂಡ.

ಸಂಜೆ ಮಚ್ಚೇಂದ್ರನನ್ನು ಮನೆಗೆ ಬಿಟ್ಟರು. ಬುಲೆಟ್ ಠಾಣೆಯ ಅಂಗಳದಲ್ಲೇ ಉಳಿಯಿತು. ಕೆಲವು ತಿಂಗಳ ಮೇಲೆ ತಜ್ಞರ ವರದಿ ಬಂತು: ಹಳೆಯ ನಂಬರನ್ನು ಅರೆದು ತೆಗೆದು, ಮೇಲೆ ಬೇರೆ ನಂಬರು ಹೊಡೆದದ್ದು. ಮಚ್ಚೇಂದ್ರನಿಗೆ ಮಾರುವ ಮೊದಲೇ ಯಾರೋ ಮಾಡಿದ ಕೆಲಸ. ಅವನ ಮೇಲೆ ತಪ್ಪಿಲ್ಲ ಎಂದು ಬರೆದುಕೊಟ್ಟರು. ಗಾಡಿ ಮಾತ್ರ ಅವನಿಗೆ ಮರಳಿ ಸಿಗಲಿಲ್ಲ. ತುಂಬಿದ ತೆರಿಗೆಯ ಮರುಪಾವತಿಗೆ ಅರ್ಜಿ ಹಾಕಬಹುದು ಎಂದರು. ಅವನು ಹಾಕಲಿಲ್ಲ.

"ಅಂದ್ರ ಆ ನಂಬರಿನ ಖರೇ ಗಾಡಿ ಅವನ ಹತ್ರ ಅದ," ಎಂದು ಮಗಳಿಗೆ ಹೇಳಿದ.

"ಗಾಡಿ ಅವಂದಿರಬಹುದು. ಪೂನಂ ಅವ್ವನ ಕಾಲು ಮುರಿಯೋ ಹಕ್ಕು ಯಾರು ಕೊಟ್ಟಾರ?" ಎಂದಳು ಮಯೂರಿ. ಪೂನಂಳನ್ನು ಅವಳು ಆಗಲೇ ಅವ್ವ ಎನ್ನುತ್ತಿದ್ದಳು. ಆಸ್ಪತ್ರೆ ಬಿಟ್ಟ ಮೇಲೆ ಪಟ್ಟಿ ಬದಲಿಸಲು ವಾರಕ್ಕೊಮ್ಮೆ ಅವಳ ಮನೆಗೆ ಹೋಗುತ್ತಿದ್ದಳು.

ಆ ಇನ್ನೊಬ್ಬ ಸವಾರ ಸಿಗಲಿಲ್ಲ, ಆ ನಂಬರಿನ ದಾಖಲೆಯಲ್ಲಿ ಇದ್ದದ್ದು ಮಚ್ಚೇಂದ್ರನ ಹೆಸರೊಂದೇ. ರಾಬಿಯಾಳ ಅಂಗಡಿಗೆ ಅವನು ಮತ್ತೆ ಬರಲಿಲ್ಲ. ಚಲಾನ್‌ಗಳೂ ನಿಂತವು. ಅವನಿಗೇನು ಬೇಕಿತ್ತು, ತನ್ನ ನಂಬರು ಕದ್ದ ಸಿಟ್ಟು ತೀರಿಸುವುದೋ, ತನ್ನ ಪಾಪಗಳನ್ನು ಹೊರಿಸಲು ಒಂದು ಹೆಗಲೋ, ಯಾರಿಗೂ ತಿಳಿಯಲಿಲ್ಲ. ಮಚ್ಚೇಂದ್ರ ಈಗ ಊರಿಗೆ ಬಸ್ಸಿನಲ್ಲೇ ಹೋಗುತ್ತಾನೆ. ಕಟ್ಟೆಯ ಮುಂದೆ ನಡೆದೇ ದಾಟುತ್ತಾನೆ, ಚಪ್ಪಲಿ ಕಾಲಲ್ಲೇ.

ಸುಗ್ಗಿಯ ಮೇಲೆ ಒಂದು ದಿನ ಗಂಡ ಹೆಂಡತಿ ಇಬ್ಬರೂ ಒಂದು ಸೇರು ಹೊಸ ತೊಗರಿಬೇಳೆ ಕಟ್ಟಿಕೊಂಡು ಪೂನಂಳ ಮನೆಗೆ ಹೋದರು. ಅವಳು ಕೋಲೂರಿ ಬಾಗಿಲ ತನಕ ಬಂದಳು. ಚಹಾ ಕುಡಿದು ಏಳುವಾಗ ಕೇಳಿದಳು:

"ಅಂವ ಮತ್ತ ಬರ್ತಾನೇನ್ರಿ ಅಣ್ಣಾ?"

ಇಲ್ಲವ್ವ ಎನ್ನಬೇಕೆಂದು ಮಚ್ಚೇಂದ್ರ ಬಾಯಿ ತೆರೆದ. ಅವಳ ಕಣ್ಣು ನೋಡಿ ಸುಳ್ಳು ಹೊರಡಲಿಲ್ಲ.

"ಗೊತ್ತಿಲ್ಲ ತಂಗಿ. ರೋಡಿಗಿ ಒಬ್ಬಾಕಿನೇ ಹೋಗಬ್ಯಾಡ."

ಹೆದ್ದಾರಿಯ ಅಂಚಿಗೆ ಬಂದು ಬಸ್ಸಿಗೆ ಕಾದರು. ಲಾರಿಗಳು ಗಾಳಿ ಎಬ್ಬಿಸಿಕೊಂಡು ಹೋಗುತ್ತಿದ್ದವು. ಮಚ್ಚೇಂದ್ರ ಸುಗಂಧಾಳ ಕೈ ಹಿಡಿದು ಅವಳನ್ನು ಒಳಗಿನ ಬದಿಗೆ ಸರಿಸಿ, ತಾನು ರಸ್ತೆಯ ಕಡೆ ಬಂದು ನಿಂತ.