ಕಂಡಕ್ಟರಮ್ಮನ ಮನೆಯ ಬಿಸಿನೀರು

ಬಸ್ಸಿನಲ್ಲಿ ಕಂಡಕ್ಟರಮ್ಮನ ಮಾತಿಗೆ ಎದುರಾಡಿದವರಿಲ್ಲ. ಕಾಲಿಡಲು ಜಾಗವಿಲ್ಲದ ಹೊತ್ತಿನಲ್ಲೂ ಜನರ ನಡುವೆ ಮೀನಿನ ಹಾಗೆ ನುಸುಳಿ ಟಿಕೆಟ್ ಹರಿಯುತ್ತಿದ್ದಳು. ಕುಡಿದು ಬಂದವನನ್ನು ಒಂದೇ ಸಲ ಸೀಟಿ ಊದಿ ಕೆಳಗಿಳಿಸುತ್ತಿದ್ದಳು. ಅಂಥವಳು ಮನೆಗೆ ಬಂದರೆ ಮಾತ್ರ ಪುಕ್ಕಲಿ. ಒಲೆ ಆರಿಸಿ ಬಂದು ಮಲಗಿದವಳು ಮತ್ತೆ ಎದ್ದು ಹೋಗಿ ನೋಡುವಳು. ಬಾಗಿಲಿಗೆ ಬೀಗ ಹಾಕಿ ಜಗ್ಗುವಳು, ಮೆಟ್ಟಿಲಿಳಿದು ಹೋದವಳು ಮತ್ತೆ ಹತ್ತಿ ಬಂದು ಜಗ್ಗುವಳು.

"ಹಾಗೆ ಎಳೀಬೇಡ ಮಾರಾಯ್ತಿ. ಬೀಗಕ್ಕೇ ಬೇಜಾರಾಗಿ ಬಾಯಿ ಬಿಟ್ಟೀತು" ಎಂದು ಗಂಡ ನಗುತ್ತಿದ್ದ.

ಗಂಡ ಲೇತ್ ಕಾರ್ಖಾನೆಯಲ್ಲಿ ಫಿಟ್ಟರ್. ಬೀದಿಯವರ ಬಾಯಲ್ಲಿ ರಿಪೇರಿ ರಾಯ. ಕೆಟ್ಟುಹೋದ ವಸ್ತು ಕಂಡರೆ ಸಾಕು, ಮಗು ಅಳುವುದು ಕೇಳಿದ ತಾಯಿಯ ಹಾಗೆ ಓಡುತ್ತಿದ್ದ. ಫ್ಯಾನು, ಮಿಕ್ಸಿ, ಕುರ್ಚಿಯ ಕಾಲು, ಪಕ್ಕದ ಮನೆಯವರ ಕೊಡೆ, ಯಾವುದನ್ನೂ ಬಿಟ್ಟವನಲ್ಲ. "ನಾನು ಇರೋವರೆಗೂ ಈ ಮನೆಗೆ ರಿಪೇರಿ ಮೇಸ್ತ್ರಿ ಕಾಲಿಡಬಾರದು" ಎನ್ನುವುದು ಅವನ ಪಣ. ಆ ಪಣ ಹಾಗೇ ಉಳಿಯಿತು. ಕಾರ್ಖಾನೆಯಿಂದ ಬಂದು, ಶೂ ಬಿಚ್ಚುತ್ತ ಕೂತಿದ್ದವನು ಎದೆ ಹಿಡಿದುಕೊಂಡು ಪಕ್ಕಕ್ಕೆ ವಾಲಿದ. ಹಾಗೇ ಹೋಗಿಬಿಟ್ಟ.

ಮನೆಯಲ್ಲಿ ಉಳಿದವರು ಕಂಡಕ್ಟರಮ್ಮ ಮತ್ತು ಅವಳ ನಾದಿನಿ. ನಾದಿನಿಗೆ ಅಣ್ಣ ಇಟ್ಟ ಹೆಸರು ಗುಬ್ಬಿ. ಐವತ್ತು ದಾಟಿ, ಬಾಗಿಲಲ್ಲಿ ಅಡ್ಡ ತಿರುಗಿ ಬರುವಷ್ಟು ದಪ್ಪಗಿದ್ದರೂ ಗುಬ್ಬಿಯೇ. ಮದುವೆಯ ಗೋಜಿಗೆ ಹೋದವಳಲ್ಲ. ಒಂದು ಶಾಲೆಯಲ್ಲಿ ಮಕ್ಕಳಿಗೆ ಚಿತ್ರಕಲೆ ಕಲಿಸುತ್ತಿದ್ದಳು. ಸಂಧಿವಾತ ಬಂದು ಬೆರಳುಗಳು ಬೇರಿನ ಹಾಗೆ ತಿರುಚಿಕೊಂಡ ಮೇಲೆ ಬಿಟ್ಟಳು. ಬೆಳಗ್ಗೆ ಎದ್ದರೆ ಮುಷ್ಟಿ ಬಿಚ್ಚುತ್ತಿರಲಿಲ್ಲ. ಬಿಸಿನೀರಲ್ಲಿ ಒಂದಿಷ್ಟು ಹೊತ್ತು ಕೈ ಅದ್ದಿಟ್ಟರೆ ಬೆರಳು ಒಂದೊಂದಾಗಿ ಸಡಿಲಾಗಿ, ಆಮೇಲೆ ತಾನೇ ಬಾಚಣಿಗೆ ಹಿಡಿಯುವಳು, ತಾನೇ ಲೋಟ ಎತ್ತುವಳು. ಬಿಸಿನೀರು ಬಂದರೆ ಅವಳಿಗೆ ಕೈ ಬಂದ ಹಾಗೆ. ಇಲ್ಲದ ದಿನ ಅತ್ತಿಗೆಯೇ ತುತ್ತು ಕೊಡಬೇಕು, ಗುಂಡಿ ಹಾಕಬೇಕು, ತಲೆ ಬಾಚಬೇಕು. ಗುಬ್ಬಿಗೆ ಅದು ನೋವಿಗಿಂತ ಹೆಚ್ಚಿನ ನೋವು.

ಬಿಸಿನೀರು ಕಾಯುತ್ತಿದ್ದದ್ದು ಬಚ್ಚಲಿನ ಪಕ್ಕದ ಗೂಡಿನಲ್ಲಿ ನಿಂತಿದ್ದ ಬಾಯ್ಲರಿನಲ್ಲಿ. ಕರೆಂಟಿನದು, ಆಳೆತ್ತರದ್ದು, ಹಳೆಯದು. ಚಳಿ ಕಚ್ಚಲು ಶುರುವಾದ ಒಂದು ಬೆಳಗ್ಗೆ ಅದು ತಣ್ಣಗಾಗಿತ್ತು.

"ಅಣ್ಣ ಇದ್ದಿದ್ರೆ..." ಎಂದು ಗುಬ್ಬಿ ಅರ್ಧಕ್ಕೇ ನಿಲ್ಲಿಸಿದಳು.

ಕಂಡಕ್ಟರಮ್ಮ ಪಾತ್ರೆಯಲ್ಲಿ ನೀರು ಕಾಯಿಸಿ ಕೊಟ್ಟು ಡ್ಯೂಟಿಗೆ ಹೋದಳು. ದಿನವೆಲ್ಲ ಚಿಲ್ಲರೆ ಎಣಿಸುವಾಗಲೂ ಅದೇ ಯೋಚನೆ. ಮೇಸ್ತ್ರಿಯನ್ನು ಕರೆಸಬಹುದಿತ್ತು. ಬಸ್ ಡಿಪೋದ ಹಿಂದೆಯೇ ಒಬ್ಬನ ಅಂಗಡಿಯಿತ್ತು. ಆದರೆ ಹೋದವನ ಪಣ ಮುರಿದ ಹಾಗಾಗುತ್ತದಲ್ಲ! ಅಲ್ಲದೆ ಗಂಡ ಬಾಯ್ಲರಿನ ಕೆಳಗಿನ ಮುಚ್ಚಳ ತೆಗೆದು ಒಂದು ಕೆಂಪು ಗುಂಡಿ ಒತ್ತುತ್ತಿದ್ದದ್ದನ್ನು ಅವಳೇ ಕಣ್ಣಾರೆ ಕಂಡಿದ್ದಳು. "ಏನಿಲ್ಲ, ಸಾಹೇಬರು ಮುನಿಸಿಕೊಂಡಿದ್ದರು. ಒತ್ತಿದರೆ ಸಾಕು" ಎಂದಿದ್ದ.

ಸಂಜೆ ಬಂದವಳು ಮೀಟರಿನ ಹತ್ತಿರ ಬಾಯ್ಲರಿನ ಸ್ವಿಚ್ ಆರಿಸಿ, ಗಂಡನ ಡಬ್ಬಿಯಿಂದ ಸ್ಕ್ರೂಡ್ರೈವರ್ ತಂದು, ಮುಚ್ಚಳ ಬಿಚ್ಚಿದಳು. ಗುಂಡಿ ಹೊರಗೆ ಎದ್ದು ನಿಂತಿತ್ತು. ಉಸಿರು ಬಿಗಿಹಿಡಿದು ಒತ್ತಿದಳು. ಟಕ್ ಎಂದಿತು. ಮುಚ್ಚಳ ಹಾಕಿ ಸ್ವಿಚ್ ಒತ್ತಿ, ಗೂಡಿನ ಬಾಗಿಲಲ್ಲೇ ಕೂತಳು. ಸ್ವಲ್ಪ ಹೊತ್ತಿಗೆ ಬಾಯ್ಲರ್ ಹೊಟ್ಟೆಯೊಳಗೆ ಸಣ್ಣಗೆ ಗುನುಗಿತು.

"ಬಂತು! ಬಿಸಿ ಬಂತು ಅತ್ತಿಗೆ!" ಎಂದು ಗುಬ್ಬಿ ಬಚ್ಚಲಿಂದ ಕೂಗಿದಳು. "ಅಣ್ಣನ ಕೈಗುಣ ನಿಮಗೂ ಬಂದಿದೆ!"

ಕಂಡಕ್ಟರಮ್ಮ ಬದುಕಿನಲ್ಲಿ ತಾನೇ ಸರಿಮಾಡಿದ ಮೊದಲ ವಸ್ತು ಅದು. ಮರುದಿನ ಡ್ರೈವರನಿಗೆ ಹೇಳಿಕೊಂಡಳು, ಟೀ ಅಂಗಡಿಯವನಿಗೂ ಹೇಳಿದಳು.

ಆ ಹೆಮ್ಮೆ ಹೆಚ್ಚು ದಿನ ಬಾಳಲಿಲ್ಲ. ವಾರದೊಳಗೆ ಮತ್ತೆ ತಣ್ಣೀರು, ಮತ್ತೆ ಗುಂಡಿ ಹೊರಗೆ. ಮತ್ತೆ ಒತ್ತಿದಳು. ಆಮೇಲೆ ದಿನ ಬಿಟ್ಟು ದಿನ, ಕೊನೆಗೆ ದಿನವೂ. ಇನ್ನೊಂದು ಸಂಗತಿಯೂ ಇತ್ತು. ನೀರು ಬಂದಾಗ ಬೆಚ್ಚಗೆ ಬರುತ್ತಿರಲಿಲ್ಲ, ಸುಡುಸುಡು ಬರುತ್ತಿತ್ತು. ಕೈ ಇಟ್ಟರೆ ಚರ್ಮ ಸುಲಿಯುವಷ್ಟು. ಗುಬ್ಬಿಗೆ ಅದರಿಂದ ಖುಷಿಯೇ. "ಬಿಸಿ ಜಾಸ್ತಿಯಾದ್ರೆ ತಣ್ಣೀರು ಬೆರೆಸಿಕೊಂಡರಾಯ್ತು. ನೀವೊಬ್ಬರು, ಹಗ್ಗ ಕಂಡರೂ ಹಾವು ಅಂತೀರಿ" ಎಂದಳು.

ಕಂಡಕ್ಟರಮ್ಮನಿಗೆ ಮಾತ್ರ ಸಮಾಧಾನವಿಲ್ಲ. ಗುಂಡಿ ಯಾಕೆ ಹಾರುತ್ತದೆ? ಸುಮ್ಮಸುಮ್ಮನೆ ಮುನಿಸಿಕೊಳ್ಳಲು ಅದೇನು ಅಳಿಯನೇ? ಒಂದೆರಡು ಸಲ ಮೇಸ್ತ್ರಿಯ ಅಂಗಡಿಯ ಮುಂದೆ ನಿಂತು, ಒಳಗೆ ಹೋಗದೆ ಬಂದಳು. ಎಲ್ಲದಕ್ಕೂ ಹೆದರುವವಳಿಗೆ ತನ್ನ ಹೆದರಿಕೆಯ ಮೇಲೆ ನಂಬಿಕೆ ಇರುವುದಿಲ್ಲ. ತೋಳ ಬಂತು ತೋಳ ಎಂದು ತನಗೆ ತಾನೇ ಎಷ್ಟು ಸಲ ಕೂಗಿಕೊಂಡಿದ್ದಳೋ!

ಭಾನುವಾರ ಬೆಳಗ್ಗೆ ಗುಬ್ಬಿ ಸ್ನಾನಕ್ಕೆ ಸ್ಟೂಲ್ ಹಾಕಿಕೊಂಡು ಕೂತಿದ್ದಳು. ಕಂಡಕ್ಟರಮ್ಮ ಹೊರಗೆ ಟವೆಲ್ ಹಿಡಿದು ನಿಂತಿದ್ದಳು. ಗೂಡಿನೊಳಗಿಂದ ಸದ್ದು ಬಂತು. ಎಂದಿನ ಗುನುಗು ಅಲ್ಲ. ಯಾರೋ ಬಾಯ್ಲರಿನ ಹೊಟ್ಟೆಯೊಳಗೆ ಕಲ್ಲು ಉರುಳಿಸುತ್ತಿದ್ದ ಹಾಗೆ ಗುಡುಗುಡು. ಆ ಹೊತ್ತಿಗೆ ಗುಬ್ಬಿ ನಲ್ಲಿ ತಿರುಗಿಸಿದಳು. ನೀರು ಬರಲಿಲ್ಲ. ನಲ್ಲಿ ಉಗುಳಿತು, ಕೆಮ್ಮಿತು, ಆಮೇಲೆ ಬುಸ್ ಎಂದು ಬಿಳಿ ಹಬೆ ಕಕ್ಕಿತು.

"ಅತ್ತಿಗೇ!"

ಟವೆಲ್ ಸುತ್ತಿ, ಕಂಕುಳಿಗೆ ಕೈ ಹಾಕಿ, ಗುಬ್ಬಿಯನ್ನು ಹೇಗೆ ಎಬ್ಬಿಸಿ ಹೊರತಂದಳೋ ಅವಳಿಗೇ ಗೊತ್ತಿಲ್ಲ. ಮುಂಬಾಗಿಲ ಬಳಿ ಕೂರಿಸಿ, ನೈಟಿಯೊಂದನ್ನು ಮೇಲಿನಿಂದ ತೊಡಿಸಿದಳು. ಮೀಟರ್ ಅಲ್ಲೇ ಇತ್ತು. ಬಾಯ್ಲರಿನ ಸ್ವಿಚ್ ಎಳೆದಳು. ಅದು ಸಾಲದೆಂದು ಇಡೀ ಮನೆಯ ಕರೆಂಟನ್ನೇ ಆರಿಸಿದಳು. ಫ್ರಿಜ್ಜಿನ ಸದ್ದು ನಿಂತಿತು. ಗೂಡಿನ ಗುಡುಗು ಮಾತ್ರ ನಿಲ್ಲಲಿಲ್ಲ.

ಮೆಲ್ಲನೆ ಹೋಗಿ ಗೂಡಿನ ಬಾಗಿಲು ತೆರೆದಳು. ಕೆಂಪು ಗುಂಡಿ ಹಾರಿರಬೇಕೆಂದು ಟಾರ್ಚಿನ ಬೆಳಕು ಬಿಟ್ಟು ನೋಡಿದಳು. ತೆಗೆದು ತೆಗೆದು ಸಾಕಾಗಿ ಅವಳು ಮುಚ್ಚಳ ಹಾಕುವುದನ್ನೇ ಬಿಟ್ಟಿದ್ದಳು. ಗುಂಡಿ ಒಳಗೇ ಇತ್ತು. ಅಂದರೆ ಇವತ್ತು ಅದು ಮುನಿಸಿಕೊಂಡಿರಲೇ ಇಲ್ಲ. ಟಾರ್ಚ್ ಮೇಲಕ್ಕೆ ಹೋಯಿತು. ಬಾಯ್ಲರಿನ ಬದಿಯಿಂದ ಒಂದು ಸಣ್ಣ ಕೊಳವೆ ಇಳಿದಿತ್ತು. ಒತ್ತಡ ಜಾಸ್ತಿಯಾದರೆ ಬಿಸಿನೀರು ಹೊರಹೋಗಲೆಂದು ಇಟ್ಟಿದ್ದ ದಾರಿ ಅದು. ಗಂಡ ಇದ್ದಾಗ ಅದು ತೊಟ್ಟಿಕ್ಕಿ ಗೂಡೆಲ್ಲ ಒದ್ದೆಯಾಗುತ್ತಿತ್ತು. ಒಂದು ದಿನ ನಿಂತುಹೋಯಿತು. ರಿಪೇರಿಯಾಯಿತು ಎಂದುಕೊಂಡಿದ್ದಳು. ಈಗ ನೋಡಿದರೆ ಕೊಳವೆಯ ಬಾಯಿಗೆ ಹಿತ್ತಾಳೆಯ ಬಿರಡೆ. ಲೇತಿನಲ್ಲಿ ಕಡೆದು, ತಿರುಪಿನ ಸುತ್ತು ಕೊರೆದು, ಬಿಳಿ ಟೇಪು ಸುತ್ತಿ, ಕನ್ನಡಿಯ ಹಾಗೆ ಉಜ್ಜಿ ಕೂರಿಸಿದ್ದು. ಅಷ್ಟು ನಾಜೂಕಿನ ಕೆಲಸ ಯಾರದೆಂದು ಕೇಳಬೇಕಾಗಿರಲಿಲ್ಲ.

ಅವಳು ಸ್ಪ್ಯಾನರ್ ತಂದಳು. ಬಿರಡೆ ತೆಗೆದರೆ ಒಳಗಿನದು ಹೊರಬರುತ್ತದೆ, ಅಲ್ಲಿಗೆ ಗಂಡಾಂತರ ಕಳೆಯುತ್ತದೆ ಎಂಬುದಷ್ಟೇ ತಲೆಯಲ್ಲಿತ್ತು. ಹಿಡಿದು ಎಳೆದಳು. ಕೂದಲೆಳೆಯಷ್ಟು ಅಲುಗಿತು. ಸುಯ್ ಎಂದು ಒಂದು ಎಳೆ ಹಬೆ ಬಂದು ಮಣಿಕಟ್ಟನ್ನು ಸುಟ್ಟಿತು. ಅವಳು ಕೈ ಹಿಂದೆಗೆದಳು. ಎಳೆಯಷ್ಟು ಬಂದದ್ದು ಹೀಗೆ ಸುಟ್ಟರೆ, ಪೂರ್ತಿ ಬಂದದ್ದು ಎಲ್ಲಿಗೆ ಬರುತ್ತದೆ? ನೇರ ಅವಳ ಮುಖಕ್ಕೆ.

ಸ್ಪ್ಯಾನರನ್ನು ಅಲ್ಲೇ ಬಿಟ್ಟು, ಗೂಡಿನ ಬಾಗಿಲು ಹಾಕಿ ಓಡಿದಳು. ಗುಬ್ಬಿಯನ್ನು ಎಬ್ಬಿಸಿ, ಒಂದೊಂದೇ ಮೆಟ್ಟಿಲು ಇಳಿಸಿ, ಮೇಲಿನ ಮನೆಯವರಿಗೂ "ಕೆಳಗೆ ಬನ್ನಿ, ಬಾಯ್ಲರ್ ಸರಿಯಿಲ್ಲ!" ಎಂದು ಬಸ್ಸಿನ ಗಂಟಲಲ್ಲಿ ಕೂಗಿದಳು. ಎಲ್ಲರೂ ಎದುರಿನ ದರ್ಜಿಯ ಅಂಗಡಿಯಲ್ಲಿ ಸೇರಿದರು. ಅಲ್ಲಿಂದ ಡಿಪೋದ ಡ್ರೈವರನಿಗೆ ಫೋನ್ ಮಾಡಿ ಮೇಸ್ತ್ರಿಯ ನಂಬರ್ ತೆಗೆದುಕೊಂಡಳು.

"ಕರೆಂಟ್ ಆರಿಸಿದ್ದೀರಾ?" ಎಂದು ಮೇಸ್ತ್ರಿ ಮೊದಲು ಕೇಳಿದ.

"ಆರಿಸಿದ್ದೀನಿ."

"ಮನೇಲಿ ಯಾರಾದ್ರೂ ಇದ್ದಾರಾ?"

"ಯಾರೂ ಇಲ್ಲ."

"ಹಾಗಾದ್ರೆ ಇನ್ನೇನೂ ಮಾಡಬೇಡಿ ಅಕ್ಕ. ಅದು ತಾನಾಗಿ ತಣ್ಣಗಾಗ್ಲಿ. ನಾನು ಬರೋವರೆಗೂ ಒಬ್ಬರೂ ಒಳಗೆ ಹೋಗೋದು ಬೇಡ. ಚಿನ್ನ ಬಿಟ್ಟು ಬಂದಿದ್ರೂ ಬೇಡ."

ಅವನು ಬರುವವರೆಗಿನ ಹೊತ್ತು ಅವಳ ಜೀವನದ ಅತಿ ಉದ್ದದ ಹೊತ್ತು. ದರ್ಜಿಯ ಹೊಲಿಗೆ ಯಂತ್ರ ಗಡಗಡಿಸಿದರೂ ಬೆಚ್ಚುತ್ತಿದ್ದಳು. ಗುಬ್ಬಿ ಒದ್ದೆ ತಲೆಯಲ್ಲಿ ನಡುಗುತ್ತಿದ್ದಳು. ಕೈಗಳು ಮುಷ್ಟಿಯಾಗಿಬಿಟ್ಟಿದ್ದವು. ಕಂಡಕ್ಟರಮ್ಮ ಅವನ್ನು ತನ್ನ ಅಂಗೈಗಳ ನಡುವೆ ಇಟ್ಟುಕೊಂಡು ಉಜ್ಜುತ್ತ, ಕಣ್ಣನ್ನು ಮಾತ್ರ ತನ್ನ ಮನೆಯ ಕಿಟಕಿಯಿಂದ ಕೀಳಲಿಲ್ಲ.

ಮೇಸ್ತ್ರಿ ಬಂದ. ಕುಳ್ಳಗಿನ, ನೆಗಡಿಯಾದ ಮನುಷ್ಯ. ಒಳಗೆ ಹೋಗಿ ಕಿವಿಗೊಟ್ಟು ಕೇಳಿ ಹೊರಬಂದು, ಎಲ್ಲರ ಜೊತೆ ತಾನೂ ಕಾದ. ಮಧ್ಯಾಹ್ನದ ಹೊತ್ತಿಗೆ ಮತ್ತೆ ಹೋಗಿ, ನೀರು ಇಳಿಸಿ, ಅದು ಇದು ಬಿಚ್ಚಿ, ಬಿರಡೆಯನ್ನು ಅಂಗೈಯಲ್ಲಿಟ್ಟುಕೊಂಡು ಬಂದ.

"ಬಿಸಿ ಅಳೆಯೋ ಭಾಗ ಕೆಟ್ಟು ಎಷ್ಟು ದಿನ ಆಯ್ತೋ. ಅದಕ್ಕೇ ನೀರು ಮಿತಿಮೀರಿ ಕಾದು, ಕರೆಂಟ್ ಕಡಿಯೋಕೆ ಕೆಂಪು ಗುಂಡಿ ಹಾರ್ತಿದ್ದದ್ದು. ನೀವು ಒತ್ತಿ ಒತ್ತಿ ಅದೂ ಸೋತುಹೋಯ್ತು. ಇನ್ನು ಉಳಿದಿದ್ದ ದಾರಿ ಇದೊಂದೇ, ಇದನ್ನ..." ಎಂದು ಬಿರಡೆ ತಿರುಗಿಸಿ ನೋಡಿದ. "ಇದನ್ನ ಯಾರು ಮಾಡಿದ್ದು?"

ಗುಬ್ಬಿ ಅತ್ತಿಗೆಯ ಮುಖ ನೋಡಿದಳು. ಸುಳ್ಳು ಹೇಳುವುದು ಸುಲಭವಿತ್ತು.

"ನಮ್ಮನೆಯವರು" ಎಂದಳು ಕಂಡಕ್ಟರಮ್ಮ.

"ಕೆಲಸ ಚೆನ್ನಾಗಿದೆ. ಮಾಡಬಾರದ ಕೆಲಸ" ಎಂದು ಮೇಸ್ತ್ರಿ ಮೂಗು ಒರೆಸಿಕೊಂಡ. ಹಳೆಯ ಬಾಯ್ಲರ್ ಇನ್ನು ಬೇಡ, ಬೇರೆಯದು ಹಾಕಿಸಿ ಎಂದು ಹೇಳಿ ಹೋದ.

ಮನೆಗೆ ಬಂದ ಮೇಲೆ ಕಂಡಕ್ಟರಮ್ಮನಿಗೆ ಸಿಟ್ಟು ಬಂತು. ಗಂಡ ಹೋದ ದಿನದಿಂದ ಅತ್ತಿದ್ದಳು, ಬಿಕ್ಕಿದ್ದಳು, ಬಟ್ಟೆಯ ವಾಸನೆ ನೋಡಿದ್ದಳು, ಸಿಟ್ಟೊಂದು ಬಂದಿರಲಿಲ್ಲ. ಸತ್ತವರ ಮೇಲೆ ಸಿಟ್ಟು ಮಾಡಬಾರದು ಎಂದುಕೊಂಡಿದ್ದಳೋ ಏನೋ. ಈಗ ಪಾತ್ರೆ ಕುಕ್ಕಿದಳು. "ಬೀಗ ಜಗ್ಗಿದ್ದಕ್ಕೆ ನಗ್ತಿದ್ದರಲ್ಲ! ನನ್ನನ್ನ ಪುಕ್ಕಲಿ ಅಂತಿದ್ದರಲ್ಲ! ಬೆಂಕಿ ಮೇಲೆ ಕೂರಿಸಿ ಹೋಗಿದ್ದಾರೆ ನಮ್ಮಿಬ್ಬರನ್ನೂ!"

"ಅಣ್ಣನ್ನ ಬೈಬೇಡಿ" ಎಂದಳು ಗುಬ್ಬಿ. "ಉತ್ತರ ಕೊಡೋಕೆ ಅವನು ಇಲ್ಲಿಲ್ಲ."

"ಇಲ್ಲ ಅಂತಲೇ ಬೈತಿರೋದು!"

ಗುಬ್ಬಿ ಮಾತು ಬಿಟ್ಟಳು. ಹೊಸ ಬಾಯ್ಲರ್ ಬಂತು, ಹದವಾದ ನೀರು ಬಂತು, ಗುಬ್ಬಿಯ ಮಾತು ಬರಲಿಲ್ಲ. ಅತ್ತಿಗೆ ಬಡಿಸಿದರೆ ಉಂಡಳು, ಕರೆದರೆ ಹ್ಞೂಂ ಎಂದಳು. ಕಂಡಕ್ಟರಮ್ಮನಿಗೆ ಬಾಯ್ಲರಿಗಿಂತ ಇದೇ ದೊಡ್ಡ ಭಯವಾಯಿತು. ಇರುವವಳು ಇವಳೊಬ್ಬಳು, ಇವಳೂ ಮುಖ ತಿರುಗಿಸಿದರೆ? ತಪ್ಪಾಯಿತು ಎನ್ನಲೂ ಬಾಯಿ ಬರಲಿಲ್ಲ. ತಪ್ಪು ಹೇಳಿರಲಿಲ್ಲವಲ್ಲ.

ಒಂದು ಸಂಜೆ ಅವಳು ಯೂನಿಫಾರ್ಮಿಗೆ ಇಸ್ತ್ರಿ ಹಾಕಲು ಪ್ಲಗ್ ಹಿಡಿದಿದ್ದಳು. ಬಾಗಿಲಲ್ಲಿ ಗುಬ್ಬಿ ಅಡ್ಡ ತಿರುಗಿ ಒಳಬಂದಳು.

"ಅತ್ತಿಗೆ, ಅದನ್ನ ಹಾಕಬೇಡಿ."

"ಯಾಕೆ?"

"ಮುಟ್ಟಿದ್ರೆ ಜುಂ ಅನ್ನುತ್ತೆ. ಅಣ್ಣ ವೈರ್ ಬದಲಾಯಿಸಿದಾಗಿಂದ. ಅವನಿಗೆ ಬೇಜಾರಾಗುತ್ತೆ ಅಂತ ನಾನು ಹೇಳಿರಲಿಲ್ಲ."

ಕಂಡಕ್ಟರಮ್ಮ ಪ್ಲಗ್ ಕೆಳಗಿಟ್ಟಳು. "ನನಗೂ ಜುಂ ಅನ್ನುತ್ತಿತ್ತು ಗುಬ್ಬಿ. ನಾನು ಚಪ್ಪಲಿ ಹಾಕ್ಕೊಂಡು ಇಸ್ತ್ರಿ ಮಾಡ್ತಿದ್ದೆ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಮೊದಲು ನಕ್ಕವಳು ಗುಬ್ಬಿ. ನಗುತ್ತ ನಗುತ್ತ ಅಳು ಬಂದು, ಮಂಚದ ಮೇಲೆ ಕೂತಳು. ಅತ್ತಿಗೆ ಪಕ್ಕದಲ್ಲಿ ಕೂತಳು. "ಎಂಥಾ ಮನುಷ್ಯ!" ಎಂದಳು. ಅದು ಬೈಗುಳವೋ ಹೊಗಳಿಕೆಯೋ ಅವಳಿಗೂ ಗೊತ್ತಿರಲಿಲ್ಲ.

ಆ ವಾರವೇ ನೆಗಡಿಯ ಮೇಸ್ತ್ರಿಯ ಗುರುತಿನ ಎಲೆಕ್ಟ್ರಿಶಿಯನ್ ಬಂದು ಮನೆಯ ಪ್ಲಗ್ಗು ವೈರುಗಳನ್ನೆಲ್ಲ ನೋಡಿದ. ಕೆಲವನ್ನು ಕಿತ್ತು ಹಾಕಿದ. ಗೋಡೆಯ ಕಪಾಟು, ಕುರ್ಚಿಯ ಕಾಲು, ಗುಬ್ಬಿ ಹಿಡಿಯಲೆಂದು ದಪ್ಪ ಹಿಡಿಕೆ ಕೂರಿಸಿದ್ದ ಚಮಚ, ಇವು ಹಾಗೇ ಉಳಿದವು. ಅವುಗಳಿಂದ ಯಾರಿಗೂ ಕೇಡಿರಲಿಲ್ಲ.

ಈಗಲೂ ಕಂಡಕ್ಟರಮ್ಮ ಅಂಜುಬುರುಕಿಯೇ. ಸೋರುವ ನಲ್ಲಿಗೆ ವಾಷರ್ ಹಾಕುವುದನ್ನು ಕಲಿತಿದ್ದಾಳೆ. ತಪ್ಪಿದರೆ ಬಕೆಟ್ ತುಂಬುತ್ತದೆ, ಅಷ್ಟೇ. ಕರೆಂಟು, ಬೆಂಕಿ, ಒತ್ತಡ ಇರುವ ಯಾವುದಕ್ಕೂ ಸ್ಕ್ರೂಡ್ರೈವರ್ ತಾಗಿಸುವುದಿಲ್ಲ, ಫೋನ್ ಮಾಡುತ್ತಾಳೆ. ಮೊನ್ನೆ ಬೆಳಗ್ಗೆ ಹೊಸ ಬಾಯ್ಲರಿನಿಂದ ಟಿಕ್ ಎಂದು ಸಣ್ಣ ಸದ್ದು ಬಂತು. ಅವಳು ಹಿಂದೆ ಮುಂದೆ ನೋಡದೆ ಸ್ವಿಚ್ ಆರಿಸಿ ಮೇಸ್ತ್ರಿಗೆ ಕರೆ ಮಾಡಿದಳು. "ನೀರು ಕಾದು ತಾನಾಗಿ ಕರೆಂಟ್ ನಿಂತಿದೆ ಅಂತ ಹೇಳೋ ಸದ್ದು ಅದು, ಹೆದರಬೇಡಿ ಅಕ್ಕ" ಎಂದ ಅವನು.

"ಏನಂತೆ?" ಎಂದು ಬಚ್ಚಲಿಂದ ಗುಬ್ಬಿ ಕೇಳಿದಳು.

"ಏನಿಲ್ಲವಂತೆ" ಎಂದು ಸ್ವಿಚ್ ಹಾಕಿ, ಅವಳು ನಾದಿನಿ ಕೈ ಅದ್ದುವ ಬಟ್ಟಲಿಗೆ ನೀರು ಹಿಡಿಯಲು ಹೋದಳು.