ಓಮಲೂರಿನಲ್ಲಿ ಇಲ್ಲದ ಕುರಿಗಳು

ಗೆಳೆಯರೇ, ಈ ಇ-ಮೇಲ್ ಬರೆಯುವಾಗಲೂ ನೆಮ್ಮದಿಯಾಗಿ ಕೂರಲು ಆಗುತ್ತಿಲ್ಲ. ನಮ್ಮ ಸೇಲಂ ಪ್ರಾದೇಶಿಕ ಪಶುಪಾಲನಾ ಕಚೇರಿಯ ಕಂಪ್ಯೂಟರಿನಲ್ಲಿ ಕುರಿಗಳ ಟೇಬಲನ್ನು ಮಾಲೀಕರ ಟೇಬಲಿಗೆ, ಅದನ್ನು ತಾಲ್ಲೂಕುಗಳ ಟೇಬಲಿಗೆ ಜೋಡಿಸಿ ಶ್ರೇಣಿ ಕಟ್ಟಿದವಳು ನಾನೇ. ತಾಲ್ಲೂಕನ್ನು ಒತ್ತಿದರೆ ಮಾಲೀಕರು ಕಾಣುತ್ತಾರೆ, ಮಾಲೀಕರನ್ನು ಒತ್ತಿದರೆ ಅವರ ಕುರಿಗಳು. ಅದರಿಂದ ಬರುವ ತಾಲ್ಲೂಕುವಾರು ವರದಿ ನೋಡಿಯೇ ಕುರಿಗಳ ಲಸಿಕೆ ಹಂಚಿದೆವು.

ಇವತ್ತು ಬೆಳಿಗ್ಗೆ ಹರೂರಿನ ಕಡೆಯಿಂದ ಕುರಿ ಸಾಕುವ ಮಾದಮ್ಮ ಬಸ್ಸು ಹತ್ತಿ ಬಂದರು.

"ಏನಮ್ಮಾ ಇದು, ನನ್ನ ಮಂದೇಲಿ ಅರ್ಧಕ್ಕೆ ಊಸಿ ಆಕವ್ರೆ. ಮಿಕ್ಕಿದ್ದಕ್ಕೆ ಮರುಂದು ಬಂದಿಲ್ಲ ಅಂತಾರೆ ಡಾಕ್ಟ್ರು."

ಹುಡುಕಿದೆ. ಉಳಿದ ಕುರಿಗಳು ಅವರ ಮಗಳ ಹೆಸರಿನಲ್ಲಿದ್ದವು, ಮಗಳ ವಿಳಾಸ ಓಮಲೂರು ತಾಲ್ಲೂಕು. "ಅವುಗಳ ಲಸಿಕೆ ಓಮಲೂರಿಗೆ ಹೋಗಿದೆ ಮಾದಮ್ಮ."

"ಮದ್ವೇಲಿ ಮಗ್ಳಿಗೆ ಬುಟ್ಟ ಕುರಿ, ಸರಿ. ಮಗ್ಳು ಗಂಡನ್ ಮನೇಗೆ ಓದ್ಲು ಅಂತ ಕುರೀನೂ ಓಯ್ತವಾ? ತಾಯಿ ಮಂದೇಲೇ ಮೇಯ್ತವೆ, ನಮ್ ಪಳಕ್ಕ ಅದು, ಇಂದ್ಲಿಂದ್ಲೂ ನಡ್ಕಂಡ್ ಬಂದಿರೋದು."

"ಕಂಪ್ಯೂಟರಿನಲ್ಲಿ ಮಾಲೀಕರು ಇರುವ ಕಡೆಯೇ ಕುರಿ."

"ಪಕ್ಕದ ಮಂದೇಲಿ ಸೀಕು ಬಂದೈತೆ. ಆ ಸೀಕ್ಗೂ ಏಳ್ಬುಡಿ, ಇವು ಓಮಲೂರು ಕುರಿ, ಮುಟ್ಬೇಡ ಅಂತ."

ಓಮಲೂರಿಗೆ ಫೋನು ಮಾಡಿ, ಲಸಿಕೆಯನ್ನು ಐಸ್ ಡಬ್ಬಿಯಲ್ಲಿಟ್ಟು ಹರೂರಿಗೆ ಕಳಿಸಲು ಹೇಳಿದೆ. ಆಮೇಲೆ ಶ್ರೇಣಿಯಲ್ಲಿ ಮಾಲೀಕರ ಕೆಳಗೆ 'ಮಂದೆ' ಎಂಬ ಹಂತ ಸೇರಿಸಹೋದೆ. ಒಂದು ಮಂದೆಗೆ ಒಬ್ಬರೇ ಮಾಲೀಕರಿರಬೇಕೆಂದು ತಂತ್ರಾಂಶ ಹಟ ಹಿಡಿದು ಕೂತಿದೆ.

ಲಸಿಕೆ ಹರೂರು ಮುಟ್ಟಿದ ಸುದ್ದಿ ಇನ್ನೂ ಬಂದಿಲ್ಲ. ಲಸಿಕೆ ಕಳಿಸಿದ ಕೂಡಲೇ 'ಹಾಕಿದೆ' ಎಂದು ಬರೆದುಕೊಳ್ಳುವ ವರದಿಯಲ್ಲಂತೂ ಮಾದಮ್ಮನ ಮಗಳ ಕುರಿಗಳು ಓಮಲೂರಿನಲ್ಲಿ ಊಸಿ ಹಾಕಿಸಿಕೊಂಡು ಆರಾಮವಾಗಿವೆ.