ಪರದೆ ಖಾಲಿ ಇರಲಿಲ್ಲ

ಶೈಲೂ, ಆ ದಿನ ಪರದೆ ಖಾಲಿ ಇರಲಿಲ್ಲ.

ಈ ಒಂದು ಸಾಲು ಹೇಳಲು ನನಗೆ ಇಷ್ಟು ವರ್ಷ ಬೇಕಾಯಿತು. ಪರದೆಯ ನಟ್ಟನಡುವೆ ಬೂದು ಬಣ್ಣದ ಒಂದು ಚೌಕ ಬಂದಿತ್ತು. ಅದರ ಎಡಮೂಲೆಯಲ್ಲಿ ಕೆಂಪು ಬೊಟ್ಟು, ಬೊಟ್ಟಿನೊಳಗೆ ಬಿಳಿ ಇಂಟು ಗುರುತು. ಪಕ್ಕದಲ್ಲಿ ಮೂರು ಸಾಲು ಇಂಗ್ಲಿಷ್. ಕೆಳಗೆ ಎರಡು ಗುಂಡಿ. ಏನಾದರೂ ಬಂದಿದೆಯೇ ಎಂದು ನೀನು ಕೇಳಿದೆ. ಏನೂ ಇಲ್ಲ ಎಂದೆ ನಾನು. ನೀನು ನಂಬಿದೆ — ಹುಟ್ಟಿದಾಗಿನಿಂದ ಕಣ್ಣು ಕಾಣದ ನೀನು ಆ ಮನೆಯಲ್ಲಿ ಬೇರೆ ಯಾರನ್ನು ಕೇಳಬೇಕಿತ್ತು?

ಇದರಲ್ಲಿ ಅರ್ಧ ನಿನಗೆ ಗೊತ್ತಿರುವುದೇ. ಆದರೂ ಮೊದಲಿನಿಂದ ಬರೆಯುತ್ತೇನೆ. ಗೊತ್ತಿರುವ ಅರ್ಧದ ಪಕ್ಕದಲ್ಲಿಟ್ಟರೆ ಮಾತ್ರ ಗೊತ್ತಿಲ್ಲದ ಅರ್ಧ ಎಷ್ಟು ದೊಡ್ಡದು ಎಂದು ತಿಳಿಯುತ್ತದೆ.

ನಾನು ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನು. ಅಪ್ಪ ತೀರಿಕೊಂಡ ವರ್ಷ ಅದು, ಮನೆಯಲ್ಲಿ ಯಾರೂ ನನ್ನನ್ನು ಬಯ್ಯಲಿಲ್ಲ. ಆದರೆ ನಿನ್ನ ಮುಂದೆ ಮಾತ್ರ ನಾನು ಓದಿದವನಾಗಿದ್ದೆ. ನೀನು ಆರು ವರ್ಷದವಳಿದ್ದಾಗ ಹಳೇ ಪೇಪರ್ ಅಂಗಡಿಯಿಂದ ಇಂಗ್ಲಿಷ್ ಕತೆ ಪುಸ್ತಕವೊಂದನ್ನು ತಂದಿದ್ದೆ, ನೆನಪಿದೆಯೇ? ಪುಟದ ತುಂಬ ಬಣ್ಣದ ಚಿತ್ರ. ಚಿತ್ರ ನೋಡಿಕೊಂಡು ಬಾಯಿಗೆ ಬಂದ ಕತೆ ಹೇಳುತ್ತಿದ್ದೆ. ಮಧ್ಯೆ ಮಧ್ಯೆ ಇಂಗ್ಲಿಷಿನ ಹಾಗೆ ಏನೋ ಗೊಣಗಿ, "ಅಂದರೆ ಏನಪ್ಪಾ ಅಂದ್ರೆ" ಎಂದು ಕನ್ನಡಕ್ಕೆ ಬರುತ್ತಿದ್ದೆ. ಒಂದು ದಿನ ನೀನು ಕೇಳಿದೆ: "ಅಲ್ಲ ಕಣಣ್ಣ, ನಿನ್ನೆ ನರಿ ಸತ್ತೋಗಿತ್ತಲ್ಲ? ಇವತ್ತು ಎಂಗೆ ಬಂತು?"

"ಅದು ಆ ನರಿಯ ತಮ್ಮ ಕಣೇ," ಎಂದೆ.

ನೀನು ಒಪ್ಪಿಕೊಂಡೆ. ಅವ್ವ ಒಳಗಿನಿಂದ ನಕ್ಕಳು. ಆ ಸುಳ್ಳಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ ಎಂದೇ ಈಗಲೂ ಅಂದುಕೊಂಡಿದ್ದೇನೆ. ಆದರೆ ಅದನ್ನು ಅಲ್ಲಿಗೇ ಬಿಡಲಿಲ್ಲವಲ್ಲ — ಮುಂದೆ ನಾನು ಸ್ಕೂಟರ್ ಬಿಡಿಭಾಗಗಳ ಅಂಗಡಿಗೆ ಸೇರಿದಾಗ, ಅಲ್ಲಿ ಡಬ್ಬಿಗಳ ಮೇಲೆಲ್ಲ ಇಂಗ್ಲಿಷೇ ಇರುತ್ತದೆ, ಓದಿ ಓದಿ ಕಲಿತುಬಿಟ್ಟೆ ಎಂದು ನಿನಗೆ ಹೇಳಿದೆ. ನಿಜವಾಗಿ ನಾನು ಡಬ್ಬಿಗಳನ್ನು ಬಣ್ಣ ನೋಡಿ ಗುರುತಿಸುತ್ತಿದ್ದೆ. ನೀಲಿ ಡಬ್ಬಿಯಲ್ಲಿ ಕ್ಲಚ್ ಪ್ಲೇಟು, ಹಳದಿಯಲ್ಲಿ ಬ್ರೇಕ್ ಕೇಬಲ್ಲು. ಕಂಪನಿಯವರು ಡಬ್ಬಿಯ ಬಣ್ಣ ಬದಲಿಸಿದರೆ ವಾರವಿಡೀ ಬೈಸಿಕೊಳ್ಳುತ್ತಿದ್ದೆ. ಅಕ್ಷರಗಳು ಗೊತ್ತಿದ್ದವು, ನಂಬರ್ ಪ್ಲೇಟ್ ಓದುವಷ್ಟು. ಅಕ್ಷರಗಳು ಸೇರಿ ಮಾತಾದರೆ ನನ್ನ ಪಾಲಿಗೆ ಗೋಡೆ.

ನಿನ್ನ ಕಾಲೇಜಿನ ಮೇಡಂ ತಮ್ಮ ಹಳೆಯ ಕಂಪ್ಯೂಟರನ್ನು ನಿನಗೆ ಕೊಟ್ಟದ್ದು ನೀನು ಬಿ.ಎ. ಕೊನೆಯ ವರ್ಷದಲ್ಲಿದ್ದಾಗ. ಹೊಸ ಶತಮಾನ ಬಂದು ಎರಡೋ ಮೂರೋ ವರ್ಷವಾಗಿತ್ತು. ಕುವೆಂಪುನಗರದಿಂದ ಚಾಮರಾಜಪುರಂವರೆಗೆ ಆಟೋದಲ್ಲಿ ಮಾನಿಟರನ್ನು ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಬಂದೆ. ನಿನಗೆ ಕಂಪ್ಯೂಟರ್ ತರಬೇತಿ ಕೊಟ್ಟ ಸಂಸ್ಥೆಯವರು ಪರದೆಯನ್ನು ಓದಿ ಹೇಳುವ ಸಾಫ್ಟ್‌ವೇರ್ ಕೊಟ್ಟಿದ್ದರು. ಕಂಪ್ಯೂಟರ್ ಹಾಕಿದರೆ ಮೊದಲು ಟಿಣ್ ಎಂಬ ರಾಗ, ಆಮೇಲೆ ಮೂಗಿನಲ್ಲಿ ಇಂಗ್ಲಿಷ್ ಮಾತಾಡುವ ಒಬ್ಬ ಗಂಡಸು. ಮೊದಲ ದಿನ ಅವ್ವ ಅಡುಗೆಮನೆಯಿಂದ ಓಡಿ ಬಂದಳು.

"ಯಾರೇ ಅದು, ಒಂದೇ ಸಮ ಮಾತಾಡ್ತಾವ್ನೆ?"

"ಇವ್ನು ಓದೋನು ಕಣವ್ವ," ಎಂದೆ ನೀನು.

"ಓದ್ಲಿ ಬುಡು. ಊಟಕ್ಕೇನಾದ್ರೂ ಇರ್ತಾನಾ ಕೇಳು."

ನೀನು ನಕ್ಕಿದ್ದು ಇನ್ನೂ ಕಿವಿಯಲ್ಲಿದೆ. ಆಮೇಲಿನ ಎಂಟು ತಿಂಗಳು ನೀನು ಕ್ಯಾಸೆಟ್ಟಿನಲ್ಲಿ ಪಾಠ ಕೇಳುವುದು, ನಿಲ್ಲಿಸುವುದು, ಟೈಪ್ ಮಾಡುವುದು, ಅವನಿಂದ ಓದಿಸಿ ತಿದ್ದುವುದು. ಮೊದಲ ಬಾರಿಗೆ ನಿನ್ನ ಪಾಠ ನಿನ್ನ ಕೈಯಲ್ಲಿತ್ತು. ಮತ್ತೆ ಓದು ಎಂದು ಯಾರನ್ನೂ ಕೇಳಬೇಕಾಗಿರಲಿಲ್ಲ. ನನ್ನನ್ನೂ ಕೇಳಬೇಕಾಗಿರಲಿಲ್ಲ. ಅದು ನನಗೆ ಸಂತೋಷವನ್ನೇ ತಂದಿತ್ತು — ತಂದಿತ್ತೇ? ಸ್ವಲ್ಪ ಚುಚ್ಚಿದ್ದೂ ಉಂಟು.

ಪರೀಕ್ಷೆಗೆ ಮೂರು ವಾರ ಇತ್ತು. ಬೆಳಿಗ್ಗೆ ನೀನು ಕಂಪ್ಯೂಟರ್ ಹಾಕಿದೆ. ಟಿಣ್ ಎಂದಿತು. ದನಿ ಬರಲಿಲ್ಲ. ಇನ್ನೊಮ್ಮೆ ಆರಿಸಿ ಹಾಕಿದೆ. ಮತ್ತೆ ರಾಗ, ಮತ್ತೆ ಮೌನ. ನೀನು ಹೆದರಲಿಲ್ಲ. ಒಂದೊಂದೇ ಪರೀಕ್ಷೆ ಮಾಡುತ್ತ ಹೋದೆ. "ರಾಗ ಬಂತು, ಅಂದ್ರೆ ಸ್ಪೀಕರ್ ಸರಿ ಇದೆ." ಕಂಪ್ಯೂಟರಿನ ಡಬ್ಬದ ಹಿಂದೆ ಅಂಗೈ ಹಿಡಿದು ಗಾಳಿ ಬರುತ್ತಿದೆ ಎಂದೆ. ಮಾನಿಟರಿನ ಗಾಜಿನ ಹತ್ತಿರ ಮುಂಗೈ ತಂದೆ. ಚಟಚಟ ಎಂದು ರೋಮ ಎದ್ದವು. "ಪರದೆ ಹತ್ತಿದೆ. ಹಂಗಾದ್ರೆ ಇವ್ನೊಬ್ಬನೇ ಏಳ್ತಿಲ್ಲ." ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಅಂಗಡಿಯಲ್ಲಿ ಎಷ್ಟೋ ಮೆಕ್ಯಾನಿಕ್‌ಗಳನ್ನು ಕಂಡಿದ್ದೇನೆ, ಅಷ್ಟು ಸಮಾಧಾನವಾಗಿ ರೋಗ ಹುಡುಕುವವರನ್ನು ಕಂಡಿರಲಿಲ್ಲ. ಎಲ್ಲ ಮುಗಿದು ಒಂದೇ ಒಂದು ಉಳಿದಿತ್ತು. ಅದಕ್ಕೆ ಕಣ್ಣು ಬೇಕಿತ್ತು.

"ಅಣ್ಣ, ಪರದೆ ಮೇಲೆ ಏನಾದ್ರೂ ಬರ್ದಿದ್ಯಾ ನೋಡು. ಬರ್ದಿದ್ರೆ ಹಂಗೇ ಓದು."

ನೋಡಿದೆ. ಮೂರು ಸಾಲು. ಒಂದೊಂದು ಅಕ್ಷರವೂ ನನಗೆ ಗೊತ್ತಿತ್ತು, ಶೈಲೂ. ನಂಬರ್ ಪ್ಲೇಟಿನ ಹಾಗೆ ಒಂದೊಂದಾಗಿ ಹೇಳಿದ್ದರೆ ಸಾಕಿತ್ತು, ನೀನು ಕೂಡಿಸಿಕೊಳ್ಳುತ್ತಿದ್ದೆ. ಆದರೆ ನಾಲ್ಕನೇ ಅಕ್ಷರಕ್ಕೇ ನೀನು ಕೇಳುತ್ತಿದ್ದೆಯಲ್ಲ, ಯಾಕಣ್ಣ ಹಿಂಗೆ ಹೇಳ್ತಿದ್ದೀಯ, ಓದು ಅಂತ. ಆಮೇಲೆ ನರಿ, ನರಿಯ ತಮ್ಮ, ಡಬ್ಬಿಗಳು, ಎಲ್ಲ —

"ಏನೂ ಇಲ್ಲ ಕಣೇ. ಖಾಲಿ ನೀಲಿ ಬಣ್ಣ ಅಷ್ಟೆ."

ಹೇಳಿದ ಮೇಲೆ ಇನ್ನೊಂದು ಕೆಲಸ ಮಾಡಿದೆ. ಮೌಸ್ ಹಿಡಿದು, ಆ ಗುಂಡಿಗಳಲ್ಲೊಂದನ್ನು ಒತ್ತಿ ಚೌಕವನ್ನು ಮುಚ್ಚಿದೆ. ಪರದೆ ನಿಜವಾಗಿ ಖಾಲಿಯಾಯಿತು. ಸುಳ್ಳನ್ನು ನಿಜ ಮಾಡಿದ ಸಮಾಧಾನ ನನಗೆ.

ನೀನು ರಿಪೇರಿ ಅಂಗಡಿಗೆ ಫೋನ್ ಮಾಡಿದೆ. ಆತ ಕೇಳಿದ ಮೊದಲ ಪ್ರಶ್ನೆಯೇ, ಏನಾದರೂ ಮೆಸೇಜ್ ಬಂದಿದೆಯೇ ಎಂದು. ಇಲ್ಲ, ನಮ್ಮಣ್ಣ ನೋಡಿದ ಎಂದೆ. ಹಾಗಾದರೆ ವೈರಸ್ ಇರಬೇಕು, ಫಾರ್ಮ್ಯಾಟ್ ಮಾಡಿಬಿಡಬೇಕು, ಒಳಗಿರುವುದೆಲ್ಲ ಅಳಿಸಿಹೋಗುತ್ತದೆ, ಉಳಿಸಿಕೊಂಡರೆ ಅದರ ಜೊತೆಗೇ ವೈರಸ್ಸೂ ಉಳಿಯುತ್ತದೆ ಎಂದ.  "ಆಗ್ಲಿ ಸಾರ್" ಎಂದೆ ನೀನು. ಎಂಟು ತಿಂಗಳನ್ನು ನೀನು ನನ್ನ ಒಂದು ಮಾತಿನ ಮೇಲೆ ಬಿಟ್ಟುಕೊಟ್ಟೆ.

ಡಬ್ಬವನ್ನು ಸ್ಕೂಟರಿನ ಮೇಲೆ ಹೊತ್ತುಕೊಂಡು ಹೋದವನು ನಾನೇ. ಆತ ನಾಲ್ಕು ಕಂಪ್ಯೂಟರ್ ಬಿಚ್ಚಿಟ್ಟುಕೊಂಡು ಕೂತಿದ್ದ. ಹಾಕಿಯೂ ನೋಡದೆ ಸಿ.ಡಿ. ತುರುಕಿದ. ಒಂದು ಸಲ ಹಾಕಿ ನೋಡಿ ಸಾರ್ ಎಂದು ನಾನು ಹೇಳಬಹುದಿತ್ತು. ಬಾಯಿ ತೆರೆದೆನೋ ಇಲ್ಲವೋ, ಈಗ ನೆನಪಿಲ್ಲ. ಹೇಳಲಿಲ್ಲ ಎಂಬುದು ಮಾತ್ರ ನೆನಪಿದೆ.

ಸಂಜೆ ಆತ ಮನೆಗೇ ಬಂದು ಓದುವ ಸಾಫ್ಟ್‌ವೇರ್ ಮತ್ತೆ ತುಂಬಿದ. ಹಾಕಿದ ಕೂಡಲೇ ಪರದೆಯ ಮೇಲೆ ಬೂದು ಚೌಕ ಬಂತು. ಕೆಂಪು ಬೊಟ್ಟು, ಬಿಳಿ ಇಂಟು, ಮೂರು ಸಾಲು, ಎರಡು ಗುಂಡಿ. ಅದೇ. ಕಾಫಿ ತಂದುಕೊಡುತ್ತಿದ್ದ ನಾನು ಲೋಟ ಹಿಡಿದುಕೊಂಡೇ ನಿಂತೆ.

ಆತ ಓದಿ, "ಕೀ ಫ್ಲಾಪಿ ಕೇಳ್ತಿದೆ ಕಣಮ್ಮ, ಇದ್ಯಾ?" ಎಂದ.

ಸಾಫ್ಟ್‌ವೇರ್ ನಡೆಯಲು ಪರ್ಮಿಷನ್ ಕೊಡುವ ಫ್ಲಾಪಿ ಅದು, ಸಂಸ್ಥೆಯವರು ಜೊತೆಗೇ ಕೊಟ್ಟದ್ದು; ನೀನು ಮೇಜಿನ ಖಾನೆಯಿಂದ ತೆಗೆದುಕೊಟ್ಟೆ. ಹಾಕಿದ, ಒಂದು ಗುಂಡಿ ಒತ್ತಿದ. ಮೂಗಿನ ಗಂಡಸು ಮಾತಾಡಿದ. ಎರಡು ನಿಮಿಷವೂ ಆಗಲಿಲ್ಲ.

"ಫಾರ್ಮ್ಯಾಟ್ ಮಾಡೋಕ್ ಮುಂಚೆನೂ ಇದೇ ಬಂದಿತ್ತೋ ಏನೋ," ಎಂದು ಆತ ಕಾಫಿ ಗುಟುಕರಿಸುತ್ತ ಹೇಳಿದ. "ಒಂದೊಂದ್ಸಲ ತಾನಾಗೇ ಪರ್ಮಿಷನ್ ಮರ್ತುಬುಡುತ್ತೆ ಇದು. ಫ್ಲಾಪಿ ಹಾಕಿದ್ರೆ ಸರಿ ಹೋಗುತ್ತೆ."

"ಇಲ್ಲ ಸಾರ್, ಏನೂ ಬಂದಿರ್ಲಿಲ್ಲ. ನಮ್ಮಣ್ಣ ನೋಡಿದ," ಎಂದೆ ನೀನು. "ಹಿಂದಿನ ದಿನ ನಾನೇ ಯಾವ್ದೋ ಕೀ ತಪ್ಪಾಗಿ ಒತ್ತಿರ್ಬೇಕು."

ಬೆಳಿಗ್ಗೆ ನಾನು ಹೇಳಿದ್ದು ನಾಚಿಕೆಯಿಂದ. ಆಗ ನನಗೆ ಅದರ ಬೆಲೆ ಗೊತ್ತಿರಲಿಲ್ಲ. ಆದರೆ ಸಂಜೆ ಎಲ್ಲವೂ ಗೊತ್ತಿತ್ತು. ನೀನು ನನ್ನ ತಪ್ಪನ್ನು ನಿನ್ನ ಬೆರಳಿಗೆ ಹೊರಿಸಿಕೊಳ್ಳುತ್ತಿದ್ದೆ, ನಾನು ಎರಡಡಿ ದೂರದಲ್ಲಿ ನಿಂತಿದ್ದೆ. ನಾನು ಬಾಯಿ ಬಿಡಲಿಲ್ಲ. ನಿನಗೆ ಮಾಡಿದ ಅನ್ಯಾಯ ಇದು. ಬೆಳಗಿನದಲ್ಲ, ಸಂಜೆಯದು.

ಆ ವರ್ಷ ನೀನು ಪರೀಕ್ಷೆಗೆ ಕೂರಲಿಲ್ಲ. ಮತ್ತೆ ಮೊದಲ ಕ್ಯಾಸೆಟ್ಟಿನಿಂದ ಶುರು ಮಾಡಿದೆ. ಅಳಲಿಲ್ಲ, ಅತ್ತಿದ್ದರೆ ನಾನು ಹೇಳಿಬಿಡುತ್ತಿದ್ದೆನೇನೋ — ಇಲ್ಲ, ಇದನ್ನು ಹೊಡೆದುಹಾಕಬೇಕು. ಹೇಳುತ್ತಿದ್ದೆ ಎಂದು ಈಗ ಅನ್ನುವುದು ಸುಲಭ. ಮರುವರ್ಷ ನೀನು ಪಾಸಾದೆ, ಆಮೇಲೆ ಆ ಸಂಸ್ಥೆಯಲ್ಲೇ ಕಣ್ಣು ಕಾಣದ ಮಕ್ಕಳಿಗೆ ಕಂಪ್ಯೂಟರ್ ಕಲಿಸುವ ಕೆಲಸಕ್ಕೆ ಸೇರಿದೆ. ಎಲ್ಲ ಒಳ್ಳೆಯದೇ ಆಯಿತು ಎಂದು ನಾನು ನನಗೇ ಹೇಳಿಕೊಂಡೆ.

ಆ ಸಂಜೆಯ ನಂತರ ನಾನು ಒಂದು ಅಭ್ಯಾಸ ಹಚ್ಚಿಕೊಂಡೆ. ನಮ್ಮ ಅಂಗಡಿಗೂ ಬಿಲ್ ಮಾಡುವ ಕಂಪ್ಯೂಟರ್ ಬಂದಿತ್ತು. ಅದು ಏಳದೆ ಮೊಂಡು ಹಿಡಿದಾಗಲೆಲ್ಲ ಪರದೆಯ ಮೇಲೆ ಚೌಕ ಬರುತ್ತಿತ್ತು. ನಾನು ಹಳೇ ಡೈರಿಯೊಂದರಲ್ಲಿ ಅದನ್ನು ಅಕ್ಷರ ಅಕ್ಷರ ಇಳಿಸಿಕೊಂಡು, ಅಂಗಡಿ ಯಜಮಾನರ ಹತ್ತಿರ ಹೋಗಿ ಇದರ ಅರ್ಥವೇನು ಎಂದು ಕೇಳುತ್ತಿದ್ದೆ. ಕೇಳಿದ ಮೊದಲ ದಿನ ಕಿವಿ ಬಿಸಿಯಾಗಿತ್ತು. ಅವರು ಮಾತ್ರ ಕನ್ನಡಕ ಏರಿಸಿ, "ಇಷ್ಟು ದಿನ ಡಬ್ಬಿ ಎಂಗಪ್ಪಾ ಕೊಡ್ತಿದ್ದೆ ನೀನು?" ಎಂದು ಕೇಳಿ, ಬಣ್ಣದ ಗುಟ್ಟು ತಿಳಿದು ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕು ಹೇಳಿಕೊಟ್ಟರು. ಅಷ್ಟೇ ಆದದ್ದು, ಶೈಲೂ. ನಾನು ಅಷ್ಟೊಂದು ಹೆದರಿದ್ದ ಗಳಿಗೆ ಎರಡು ನಿಮಿಷದ ನಗುವಾಗಿ ಮುಗಿದುಹೋಯಿತು.

ಹೀಗೆ ನನ್ನ ಇಂಗ್ಲಿಷ್ ವಿಚಿತ್ರವಾಗಿ ಬೆಳೆಯಿತು. ಹೂವು, ಹಕ್ಕಿ ಎಂಬ ಮಾತುಗಳನ್ನು ನಾನು ಬಹಳ ತಡವಾಗಿ ಕಲಿತೆ. ಫೈಲ್ ಸಿಗುತ್ತಿಲ್ಲ, ಜಾಗ ಸಾಲದು, ಮತ್ತೊಮ್ಮೆ ಪ್ರಯತ್ನಿಸಿ, ಇವು ಮೊದಲು ಬಂದವು. ಈಗ ನಮ್ಮ ಬೀದಿಯಲ್ಲಿ ಯಾರ ಕಂಪ್ಯೂಟರಿನಲ್ಲಿ ಏನು ಏಳದಿದ್ದರೂ, "ಚೌಕ ಬಂದೈತೆ, ಏಳನೇ ಕ್ಲಾಸ್ ಎಂಜಿನಿಯರ್‌ನ ಕರೀರಿ" ಎನ್ನುತ್ತಾರೆ. ನಾನು ಹೋಗಿ ಮಾಡುವುದು ಇಷ್ಟೇ: ಬರೆದದ್ದನ್ನು ಪೂರ್ತಿ ಓದುತ್ತೇನೆ. ಅರ್ಧ ತೊಂದರೆ ಅಲ್ಲೇ ಮುಗಿಯುತ್ತದೆ.

ಇದೇ ಪ್ರಾಯಶ್ಚಿತ್ತ ಎಂದುಕೊಂಡು ಇದ್ದುಬಿಡುತ್ತಿದ್ದೆ. ಆದರೆ ಹೋದ ತಿಂಗಳು ನಿನ್ನನ್ನು ಕರೆದುಕೊಂಡು ಹೋಗಲು ಬೇಗ ಬಂದವನು ಕ್ಲಾಸಿನ ಹೊರಗೆ ನಿಂತಿದ್ದೆ. ನೀನು ಮಕ್ಕಳಿಗೆ ಹೇಳುತ್ತಿದ್ದೆ: "ಗೊತ್ತಿಲ್ದೇ ಇರೋ ಕೀ ಮುಟ್ಟಬೇಡ್ರಪ್ಪ. ನಾನು ಹಂಗೇ ಮುಟ್ಟಿ ಎಂಟು ತಿಂಗಳ ಕೆಲಸ ಕಳ್ಕೊಂಡೆ." ಯಾರೋ ಒಂದು ಮಗು, ಯಾವ ಕೀ ಮಿಸ್ ಎಂದು ಕೇಳಿತು. "ಅದೇ ಗೊತ್ತಾಗ್ಲಿಲ್ಲ ಕಣಮ್ಮ ಇವತ್ತಿನವರೆಗೂ," ಎಂದೆ ನೀನು.

ಹೊಸ ಮಕ್ಕಳು ಬಂದಾಗಲೆಲ್ಲ ಈ ಕತೆ ಹೇಳುತ್ತೀಯಂತೆ. ಎಷ್ಟು ವರ್ಷದಿಂದ? ನಿನ್ನ ಕೈಯನ್ನು ನೀನೇ ಅನುಮಾನಿಸಿಕೊಂಡು ಬಂದಿದ್ದೀಯ, ಅಷ್ಟೇ ಅಲ್ಲ, ಆ ಅನುಮಾನವನ್ನು ಮಕ್ಕಳ ಬೆರಳುಗಳಿಗೂ ದಾಟಿಸುತ್ತಿದ್ದೀಯ. ಮುಟ್ಟಿಯೇ ಲೋಕ ತಿಳಿಯಬೇಕಾದ ಮಕ್ಕಳಿಗೆ ಮುಟ್ಟಬೇಡಿ ಎನ್ನುವ ಹಾಗೆ ಮಾಡಿದವನು ನಾನು.

ಆ ಕೀ ಯಾವುದೂ ಇಲ್ಲ, ಶೈಲೂ. ನೀನು ಒತ್ತಿದ್ದೆಲ್ಲ ಸರಿಯಾಗಿತ್ತು. ಆ ಬೆಳಿಗ್ಗೆ ನೀನು ಕ್ರಮವಾಗಿ ಹುಡುಕಿಕೊಂಡು ಸರಿಯಾದ ಬಾಗಿಲಿಗೇ ಬಂದು ನಿಂತಿದ್ದೆ. ಕದ ಹಾಕಿದವನು ನಾನು.

ಸೋಮವಾರ ಹೊಸ ತಂಡ ಬರುತ್ತದೆ ಎಂದು ಹೇಳಿದ್ದೀಯ. ನಾಳೆ ಭಾನುವಾರ. ಇದನ್ನು ಟೈಪ್ ಮಾಡಿಸಿ ನಿನ್ನ ಯಂತ್ರದಿಂದ ಓದಿಸಬಹುದಿತ್ತು, ಮನಸ್ಸು ಒಪ್ಪಲಿಲ್ಲ. ತಿಂಡಿಯಾದ ಮೇಲೆ ನಿನ್ನ ಎದುರು ಕೂತು ನಾನೇ ಓದುತ್ತೇನೆ. ಇದ್ದದ್ದು ಇದ್ದ ಹಾಗೆ. ಸೋಮವಾರ ಆ ಮಕ್ಕಳಿಗೆ ಏನು ಹೇಳಬೇಕು ಎಂಬುದು ನಿನಗೆ ಬಿಟ್ಟದ್ದು. ನನ್ನ ಹೆಸರು ಹಿಡಿದು ಹೇಳಿದರೂ ಬಾಗಿಲ ಹೊರಗೆ ನಿಂತು ಕೇಳಿಸಿಕೊಳ್ಳುತ್ತೇನೆ. ಓದುವಾಗ ನೀನು ನಡುವೆ ತಡೆದು ಏನಾದರೂ ಕೇಳಿದರೆ ನಿಲ್ಲಿಸುತ್ತೇನೆ. ಗೊತ್ತಿದ್ದರೆ ಹೇಳುತ್ತೇನೆ. ಗೊತ್ತಿಲ್ಲದಿದ್ದರೆ, ಗೊತ್ತಿಲ್ಲ ಎನ್ನುತ್ತೇನೆ.